ಲೋಬಾನದ ಹೆಸರಿನ ವಿಷ

ಕಾಲೇಜಿನ ಪುಸ್ತಕದಲ್ಲಿ ಬೆಂಜೀನಿನ ಚರಿತ್ರೆ ಅಂದರೆ ದೊಡ್ಡವರ ಚರಿತ್ರೆ. 1825ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ದೀಪದ ಅನಿಲದಿಂದ ಇಳಿದ ಎಣ್ಣೆಯಲ್ಲಿ ಅದನ್ನು ಕಂಡುಹಿಡಿದ. ಆತ ಕಮ್ಮಾರನ ಮಗ, ಅದನ್ನು ನಾವು ಹೆಮ್ಮೆಯಿಂದಲೇ ಹೇಳೋಣ. 1833ರಲ್ಲಿ ಜರ್ಮನಿಯ ಮಿಚರ್ಲಿಕ್ ಲೋಬಾನದ ಆಮ್ಲದಿಂದ ಅದೇ ದ್ರವವನ್ನು ಪಡೆದ. ದರ್ಗಾಗಳಲ್ಲಿ ಹೊಗೆ ಹಾಕುವ ಲೋಬಾನದಿಂದಲೇ ಈ ವಿಷಕ್ಕೆ ಹೆಸರು ಬಂತು. 1865ರಲ್ಲಿ ಕೆಕುಲೆ ಅದರ ಉಂಗುರದಂಥ ರಚನೆ ಹೇಳಿದ. ಅವನ ಹಾವಿನ ಕನಸನ್ನು ಮೇಷ್ಟ್ರು ಇವತ್ತೂ ರಸವತ್ತಾಗಿ ಹೇಳ್ತಾರೆ.

ಆದರೆ ಇದನ್ನು ಉಸಿರಾಡಿ ಸತ್ತವರ ಕತೆ ಯಾವ ಪಾಠದಲ್ಲಿದೆ?

ಬೆಂಜೀನು ರಬ್ಬರನ್ನು, ಕೊಬ್ಬನ್ನು, ಮೇಣವನ್ನು ಕರಗಿಸುತ್ತೆ. ಅದಕ್ಕೇ ಲ್ಯಾಬಿಗೂ ಕಾರ್ಖಾನೆಗೂ ಅದು ಬೇಕಾದ ದ್ರಾವಕವಾಯಿತು. ಬೇಗ ಆವಿಯಾಗುತ್ತೆ, ಬೇಗ ಹೊತ್ತಿಕೊಳ್ಳುತ್ತೆ. ಕಲ್ಲಿದ್ದಲ ಡಾಂಬರಿನಿಂದ ಅದನ್ನು ಹೇರಳವಾಗಿ ತೆಗೆಯುವ ದಾರಿ ತೋರಿಸಿದ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ 1855ರಲ್ಲಿ ಅದೇ ಕೆಲಸದ ಬೆಂಕಿಗೆ ಬಲಿಯಾದ. ಜೊತೆಗೆ ದುಡಿಯುತ್ತಿದ್ದ ಸಹಾಯಕನೂ ಸತ್ತ.

ಬೆಂಕಿ ಕಣ್ಣಿಗೆ ಕಾಣುತ್ತೆ. ಆವಿ ಕಾಣೋದಿಲ್ಲ. ಉಸಿರಿನ ಜೊತೆ ಒಳಗೆ ಹೋದ ಬೆಂಜೀನು ಮೈಯೊಳಗೆ ರೂಪ ಬದಲಿಸಿ, ರಕ್ತ ಹುಟ್ಟುವ ಜಾಗವಾದ ಮೂಳೆಯ ಮಜ್ಜೆಯನ್ನೇ ಕೆಡಿಸುತ್ತೆ. 1897ರಲ್ಲಿ ಸ್ವೀಡನ್ನಿನ ವೈದ್ಯ ಸಾಂಟೆಸನ್ ಇದನ್ನು ಬರೆದಿಟ್ಟ. ಸೈಕಲ್ ಟೈರು ಮಾಡುತ್ತಿದ್ದ ನಾಲ್ವರು ಯುವತಿಯರು ಮಜ್ಜೆ ಬತ್ತಿ ಸತ್ತಿದ್ದರು. ಕೆಕುಲೆಯ ಕನಸು ಪಾಠವಾಯಿತು, ಆ ಹೆಣ್ಣುಮಕ್ಕಳ ಸಾವು ಪಾಠವಾಗಲಿಲ್ಲ.

ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಬೆಂಜೀನಿನ ಪೂರ್ತಿ ಸುರಕ್ಷಿತ ಪ್ರಮಾಣ ಅಂದರೆ ಸೊನ್ನೆ ಮಾತ್ರ ಎಂಬ ಅಭಿಪ್ರಾಯವನ್ನು 1948ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ವರದಿಯೇ ದಾಖಲಿಸಿತ್ತು. 1977ರಲ್ಲಿ ಅಮೆರಿಕದ ಸರ್ಕಾರ ಕೆಲಸದ ಜಾಗದ ಗಾಳಿಯಲ್ಲಿ ಅದರ ಮಿತಿಯನ್ನು ಹತ್ತು ಲಕ್ಷಕ್ಕೆ 10 ಪಾಲಿನಿಂದ 1 ಪಾಲಿಗೆ ಇಳಿಸಹೊರಟಾಗ, ಕೋರ್ಟಿಗೆ ಹೋದವರಲ್ಲಿ ಅದೇ ಸಂಸ್ಥೆಯೂ ಇತ್ತು. 1980ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ತಳ್ಳಿಹಾಕಿತು. 1 ಪಾಲಿನ ಮಿತಿ ಬಂದದ್ದು 1987ರಲ್ಲಿ. ಆ ಹತ್ತು ವರ್ಷ ಅದನ್ನು ಕುಡಿದದ್ದು ಯಾರ ಶ್ವಾಸಕೋಶ?

ಇಸ್ತಾಂಬುಲ್ಲಿಗೆ ಬನ್ನಿ. ಅಲ್ಲಿನ ಸಣ್ಣ ಸಣ್ಣ ಗೂಡುಗಳಲ್ಲಿ ಬೂಟು ಮಾಡುವವರು ಬೆಂಜೀನಿದ್ದ ಅಂಟು ಬಳಸುತ್ತಿದ್ದರು. ಅವರಲ್ಲಿ ರಕ್ತದ ಕ್ಯಾನ್ಸರನ್ನು ಹಿಂಬಾಲಿಸಿ ಹೋದ ವೈದ್ಯ ಮುಜಫ್ಫರ್ ಅಕ್ಸೊಯ್ 1974ರಲ್ಲಿ ಲೆಕ್ಕ ಕೊಟ್ಟ: 28,500 ಕೆಲಸಗಾರರಲ್ಲಿ 26 ಮಂದಿಗೆ ಆ ಕಾಯಿಲೆ ಅಥವಾ ಅದರ ಮುಂಚಿನ ಹಂತ. ಬೆಂಜೀನಿನ ಅಂಟು ಬಿಟ್ಟ ಮೇಲೆ ಹೊಸ ರೋಗಿಗಳು ಕಮ್ಮಿಯಾದರು. ಅಂದರೆ ಅದು ಹಣೆಬರಹವಲ್ಲ, ಕರ್ಮಫಲವೂ ಅಲ್ಲ. ಡಬ್ಬಿ ಬದಲಾಯಿತು, ಜೀವ ಉಳಿಯಿತು.

ಮೆಟ್ಟು ಹೊಲಿದು ಬದುಕಿದ ನಮ್ಮ ಜನಕ್ಕೆ ಇದು ದೂರದ ಊರಿನ ಸುದ್ದಿಯಲ್ಲ. ಅಥಣಿಯ ಚಪ್ಪಲಿಯನ್ನು ಚರ್ಮದ ಎಳೆಯಿಂದಲೇ ಹೊಲೀತಿದ್ದರು. ಸೊಲ್ಯೂಷನ್ ಡಬ್ಬಿ ಬಂದಲ್ಲೆಲ್ಲ ದ್ರಾವಕವೂ ಮೂಗಿನ ಹತ್ತಿರ ಬಂತು.

1971ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬೆಂಜೀನ್ ಒಪ್ಪಂದ ತಂದಿತು. ಭಾರತ ಅದಕ್ಕೆ ಒಪ್ಪಿದ್ದು 1991ರಲ್ಲಿ. ಬದಲಿ ವಸ್ತು ಇದ್ದರೆ ಅದನ್ನೇ ಬಳಸಬೇಕು ಅನ್ನುತ್ತೆ ಒಪ್ಪಂದ. ಆದರೆ ಲ್ಯಾಬಿನ ಸಂಶೋಧನೆಗೆ ಆ ಕಟ್ಟಳೆಯಿಂದ ವಿನಾಯಿತಿ ಕೊಟ್ಟಿದೆ. ಲ್ಯಾಬಿನಲ್ಲಿ ಇರೋದು ಪ್ರೊಫೆಸರು ಒಬ್ಬರೇನಾ? ಪ್ರಯೋಗ ಬರೆಯುವವರು ಒಬ್ಬರು, ಗಾಜು ತೊಳೆಯುವವರು ಇನ್ನೊಬ್ಬರು. ಸಿಂಕಿಗೆ ಸುರಿದ ದ್ರಾವಕ ಚರಂಡಿಗೆ ಇಳಿಯುತ್ತೆ. ಅದರ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತೆ. ನೆಲಕ್ಕಿಳಿದರೆ ಬಾವಿಯ ನೀರೂ ಕೆಡುತ್ತೆ. 2013ರ ಕಾನೂನು ಬಂದ ಮೇಲೂ ಮ್ಯಾನ್‌ಹೋಲಿಗೆ ಯಾವ ಜಾತಿಯವರನ್ನು ಇಳಿಸ್ತಾರೆ ಅಂತ ನಿಮಗೆ ಹೇಳಬೇಕಿಲ್ಲ.

ಮೇಷ್ಟ್ರೇ, ಗೆಳೆಯರೇ, ವಿಜ್ಞಾನ ಬೇಡ ಅಂತ ಹೇಳ್ತಿಲ್ಲ. ನಮ್ಮ ಮಕ್ಕಳು ಲ್ಯಾಬಿನ ಬಾಗಿಲು ದಾಟಿದ್ದೇ ನಿನ್ನೆ ಮೊನ್ನೆ. ಉಸಿರು ಅಡವಿಟ್ಟು ಕಲಿಯೋದು ಬೇಡ, ಅಷ್ಟೆ. ಬೆಂಜೀನಿಗೆ ಟಾಲ್ಯೂಯಿನ್ ಆಗುವ ಕಡೆ ಅದನ್ನೇ ಬಳಸಲಿ. ಅದೂ ತಲೆ ಸುತ್ತಿಸುತ್ತೆ, ಹೊತ್ತಿಕೊಳ್ಳುತ್ತೆ, ಹುಷಾರಾಗಿರಬೇಕು. ಹೊಗೆಗೂಡಿನ ಫ್ಯಾನು ತಿರುಗಲಿ. ಉಳಿದ ದ್ರಾವಕ ಮುಚ್ಚಳವಿರುವ ಬೇರೆ ಡಬ್ಬಿಗೆ ಹೋಗಲಿ, ಸಿಂಕಿಗಲ್ಲ. ಬಾಟಲಿಯ ಮೇಲಿನ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ಅಂಟಿಸಿ. ಗಾಜು ತೊಳೆಯುವ ಅಟೆಂಡರಿಗೆ ಅದನ್ನು ಮೊದಲು ಓದಿ ಹೇಳಿ.