ಚಾಳೀಸು ಬಂದ ದಾರಿ

ಕನ್ನಡಕದ ಅಂಗಡಿಗೆ ಬಂದವರ ಕೈಗೆ ಓದುವ ಹಾಳೆ ಕೊಟ್ಟರೆ ಸಾಕು, ಅವರ ವಯಸ್ಸು ತಿಳಿದುಬಿಡುತ್ತದೆ. ನಲವತ್ತು ದಾಟಿದವರು ಹಾಳೆಯನ್ನು ಮೆಲ್ಲಗೆ ದೂರ ಸರಿಸುತ್ತಾರೆ. ಕೈ ಪೂರ್ತಿ ಚಾಚಿದರೂ ಅಕ್ಷರ ಕಾಣದಿದ್ದಾಗ ಅಂಗಡಿಯ ಹುಡುಗ ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಬದಲಿಸುತ್ತ 'ಇದು ಚಲೋ ಕಾಣ್ತದೋ, ಅದೋ?' ಎಂದು ಕೇಳುತ್ತಾನೆ. ಬಸವಕಲ್ಯಾಣವಿರಲಿ, ಹುಮನಾಬಾದಿರಲಿ, ದೃಶ್ಯ ಇದೇ.

ಉತ್ತರ ಕರ್ನಾಟಕದ ಹಿರಿಯರು ಕನ್ನಡಕಕ್ಕೆ 'ಚಾಳೀಸು' ಎನ್ನುತ್ತಾರೆ. ಮರಾಠಿಯಲ್ಲಿ 'ಚಾಳೀಶಿ'. ಚಾಳೀಸ್ ಎಂದರೆ ನಲವತ್ತು. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದು, ಮರಾಠಿ-ಉರ್ದುಗಳ ನಡುವೆ ಬೆಳೆದ ಬೀದರ ಜಿಲ್ಲೆಗೆ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಗಡುಸಾಗುತ್ತದೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬಲಾರದು. ರೋಗವಲ್ಲ, ವಯೋಧರ್ಮ.

ಹಾಗಾದರೆ ಚಾಳೀಸಿಲ್ಲದ ಕಾಲದಲ್ಲಿ ಕಲ್ಯಾಣದ ಬರೆಹಗಾರರು ಏನು ಮಾಡುತ್ತಿದ್ದರು? ಇದು ಬರವಣಿಗೆಯ ಊರು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ' ರಚಿಸಿದ್ದು ಇಲ್ಲಿ. 12ನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡದ್ದೂ ಇಲ್ಲೇ. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳು ಸಣ್ಣವು. ಇಟಲಿಯಲ್ಲಿ ಕನ್ನಡಕ ಹುಟ್ಟಿದ್ದೇ 1286ರ ಸುಮಾರಿಗೆ. ಅನುಭವ ಮಾಗುವ ಹೊತ್ತಿಗೆ ಸರಿಯಾಗಿ ಕರಣಿಕನ ಕಣ್ಣು ಕೈಕೊಡುತ್ತಿತ್ತು. ಓಲೆಯನ್ನು ಕಿರಿಯರಿಂದ ಓದಿಸಿ ಕೇಳಬೇಕಾಗಿದ್ದಿರಬೇಕು.

ಕನ್ನಡ ನಾಡಿನಲ್ಲಿ ಕನ್ನಡಕದ ಹಳೆಯ ಸುಳಿವನ್ನು ಹುಡುಕಿಕೊಟ್ಟವರು ಪುಣೆಯ ವಿದ್ವಾಂಸ ಪಿ.ಕೆ. ಗೋಡೆ. ವಿಜಯನಗರದ ವ್ಯಾಸರಾಯರ ಜೀವನವನ್ನು ಅವರ ಸಮಕಾಲೀನ ಕವಿ ಸೋಮನಾಥ ಸಂಸ್ಕೃತದಲ್ಲಿ 'ವ್ಯಾಸಯೋಗಿಚರಿತ' ಎಂದು ಬರೆದಿದ್ದಾನೆ. ಅದರಲ್ಲಿ ಯತಿಗಳು ಕನ್ನಡಕ ಹಾಕಿಕೊಂಡು ಓದುವ ಪ್ರಸ್ತಾಪವಿದೆಯೆಂದು ಗೋಡೆ ಗುರುತಿಸಿದರು. ಕಾಲ ಸುಮಾರು 1520. ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ವ್ಯಾಸರಾಯರು 1539ರಲ್ಲಿ ತೀರಿಕೊಂಡರು. ಮಠಾಧಿಪತಿಗೆ ಸಿಕ್ಕಿದ್ದು ಸಾಮಾನ್ಯ ಲೆಕ್ಕಿಗನಿಗೆ ಎಟುಕಲು ಇನ್ನೆಷ್ಟೋ ತಲೆಮಾರು ಬೇಕಾಯಿತು.

ಇಂದು ಅಂಗಡಿಯ ಚೀಟಿಯಲ್ಲಿ 'ಪ್ಲಸ್ 2' ಎಂದಿರುತ್ತದೆ. ದೂರದಿಂದ ಬಂದ ಬೆಳಕನ್ನು ಅರ್ಧ ಮೀಟರಿನಲ್ಲಿ ಕೂಡಿಸುವ ಗಾಜು ಎಂದು ಅದರ ಅರ್ಥ. ಡಯಾಪ್ಟರ್ ಎಂಬ ಈ ಅಳತೆಯನ್ನು ಫ್ರಾನ್ಸಿನ ಕಣ್ಣಿನ ವೈದ್ಯ ಮೊನೊಯೆ 1872ರಲ್ಲಿ ಸೂಚಿಸಿದ. ಆದರೆ ನಂಬರು ಸಿಕ್ಕ ಮಾತ್ರಕ್ಕೆ ಕಣ್ಣಿನ ತಪಾಸಣೆ ಮುಗಿಯಿತೆಂದಲ್ಲ. ಕಣ್ಣಿನ ಒಳಒತ್ತಡ ಏರಿದ್ದು ಗಾಜು ಬದಲಿಸುವುದರಿಂದ ಗೊತ್ತಾಗದು, ಅದಕ್ಕೆ ವೈದ್ಯರೇ ಬೇಕು.

'ಓದಲು ಬಾರದ ನನಗ್ಯಾಕೆ ಚಾಳೀಸು' ಎನ್ನುವವರೂ ಇದ್ದಾರೆ. ತೊಗರಿಬೇಳೆಯ ಕಲ್ಲು ಆರಿಸುವುದು, ಕೌದಿ ಹೊಲಿಯುವುದು, ಎಲ್ಲವೂ ಹತ್ತಿರದ ನೋಟದ ಕೆಲಸವೇ. ಅಂಥವರ ಕೈಗೆ ಹಾಳೆ ಕೊಟ್ಟು ಫಲವಿಲ್ಲ. ಸೂಜಿ-ದಾರ ಕೊಟ್ಟು ನೋಡಬೇಕು.