ಚೆಕ್ ಲೈಟ್ ಉರಿದ ಮೇಲೆ

ಕಾರ್ಬುರೇಟರ್ ಬಿಚ್ಚಿ ಜೆಟ್ ಊದಿ, ಪ್ಲಗ್ಗಿನ ಮಸಿ ನೋಡಿ ಎಂಜಿನ್ನಿನ ರೋಗ ಹೇಳುತ್ತಿದ್ದ ಮೇಸ್ತ್ರಿಗಳ ತಲೆಮಾರು ಶಿಕಾರಿಪುರ, ಶಿರಾಳಕೊಪ್ಪ, ಸೊರಬದಂಥ ಊರುಗಳಲ್ಲಿ ಇನ್ನೂ ಕೆಲಸದಲ್ಲಿದೆ. ಆದರೆ ಅವರ ಮುಂದೆ ಬಂದು ನಿಲ್ಲುವ ಗಾಡಿ ಬದಲಾಗಿದೆ. ಎಷ್ಟು ಇಂಧನ, ಯಾವ ಕ್ಷಣಕ್ಕೆ ಕಿಡಿ ಎಂಬುದನ್ನು ಈಗ ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್.

ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ ತಂದಿತು. 1979ರ ಮೊಟ್ರಾನಿಕ್, ಇಂಧನವನ್ನೂ ಕಿಡಿಯನ್ನೂ ಒಂದೇ ಡಬ್ಬಿಯ ಹತೋಟಿಗೆ ಒಪ್ಪಿಸಿತು. ನಮ್ಮ ಮೇಸ್ತ್ರಿಗಳಿಗೆ ಈ ಕಂಪನಿ ಪರಿಚಯವಾದದ್ದು ಬೆಂಗಳೂರಿನ ಆಡುಗೋಡಿಯ ಮೈಕೋ ಹೆಸರಿನಲ್ಲಿ, ಡೀಸೆಲ್ ಪಂಪು ಮತ್ತು ಪ್ಲಗ್ಗುಗಳ ಮೂಲಕ.

ದೋಷವನ್ನು ಗಾಡಿಯೇ ನೆನಪಿಟ್ಟು, ಚೆಕ್ ಲೈಟ್ ಉರಿಸಿ ಹೇಳಬೇಕೆಂಬ ನಿಯಮ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ಹೊಗೆಯನ್ನು ಹತೋಟಿಗೆ ತರಲು. 1996ರ ಹೊತ್ತಿಗೆ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ 16 ಪಿನ್ನಿನ ಒಂದೇ ಬಗೆಯ ಸಾಕೆಟ್ಟು, ಒಂದೇ ಬಗೆಯ ಮೂಲ ಕೋಡುಗಳು ಬಂದವು. ಭಾರತದಲ್ಲಿ ಬಿಎಸ್-4 ಹೊಗೆ ನಿಯಮದ ಕಾರುಗಳಿಗೆ 2010ರಲ್ಲಿ ಒಬಿಡಿ ಎಂಬ ಈ ದೋಷ ಹೇಳುವ ವ್ಯವಸ್ಥೆಯ ಮೊದಲ ಹಂತ, 2013ರಲ್ಲಿ ಎರಡನೆಯದು. ಬಿಎಸ್-4 ದೇಶಕ್ಕೆಲ್ಲ ಅನ್ವಯವಾದದ್ದು 2017ರ ಏಪ್ರಿಲ್ 1ಕ್ಕೆ. 2020ರಲ್ಲಿ ಬಿಎಸ್-6 ಬಂದು ಹೆಚ್ಚಿನ ಬೈಕುಗಳಲ್ಲೂ ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಟರ್ ಕೂತಿತು.

ಈ ಕೋಡು ಓದುವ ಸ್ಕ್ಯಾನರ್ ಕೈಗೆ ಬಂದರೆ ಕೆಲಸ ಮುಗಿಯಿತೆ? ಇಲ್ಲ. ಕೋಡು ತೋರಿಸುವುದು ದೋಷ ಕಂಡ ಸರ್ಕ್ಯೂಟನ್ನು, ಕೆಟ್ಟ ಭಾಗವನ್ನಲ್ಲ. ಇದನ್ನು ಮರೆತಾಗಲೇ ಗಿರಾಕಿಯ ದುಡ್ಡು ವ್ಯರ್ಥವಾಗುವುದು. ಥ್ರಾಟಲ್ ಸೆನ್ಸರ್, ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಮುಂತಾದವಕ್ಕೆ ಇಸಿಯು 5 ವೋಲ್ಟ್ ಕೊಡುತ್ತದೆ. ಎಷ್ಟೋ ಗಾಡಿಗಳಲ್ಲಿ ಹಲವು ಸೆನ್ಸರ್‌ಗಳಿಗೆ ಒಂದೇ ಲೈನು. ಇಲಿ ಕಡಿದ ವೈರು ಬಾಡಿಗೆ ತಾಗಿದರೆ ಆ ಲೈನೇ ಕುಸಿದು ಪಿ0107, ಪಿ0122 ಕೋಡುಗಳು ಒಟ್ಟಿಗೆ ಬರುತ್ತವೆ. ಎರಡೂ ಸೆನ್ಸರ್ ಹೊಸದು ಹಾಕಿದರೂ ಗಾಡಿ ಸರಿಹೋಗದು. ಬಲ್ಲವರು ಮಲ್ಟಿಮೀಟರ್ ಹಿಡಿದು ಕನೆಕ್ಟರ್‌ಗಳನ್ನು ಒಂದೊಂದಾಗಿ ಕಳಚುತ್ತಾರೆ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿತೋ ಆ ಸೆನ್ಸರಿನ ಮೇಲೆ ಅನುಮಾನ. ಎಲ್ಲವನ್ನೂ ಕಳಚಿದರೂ ಮರಳದಿದ್ದರೆ ವೈರಿಂಗ್ ಬಿಚ್ಚಿ ನೋಡಬೇಕು. ಮಳೆ ಹೆಚ್ಚಿರುವ ಸೀಮೆಯಲ್ಲಿ ಕನೆಕ್ಟರಿನೊಳಗೆ ಹಸಿರುಗಟ್ಟಿದ ಪಿನ್ನು, ಸಡಿಲ ಅರ್ಥಿಂಗ್ ಕೂಡ ಇಂಥದೇ ಆಟ ಆಡಿಸುತ್ತವೆ.

ಈ ಪರೀಕ್ಷೆಗೆ ಸರ್ಕ್ಯೂಟಿನ ನಕ್ಷೆ ಬೇಕು. ಬಿಡಿಭಾಗ, ಇಂಥ ತಾಂತ್ರಿಕ ಮಾಹಿತಿ, ತಪಾಸಣೆಯ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡದ ಮೊತ್ತಕ್ಕಿಂತ ಅದರ ಹಿಂದಿನ ವಾದ ಸಣ್ಣ ಊರುಗಳಿಗೆ ಮುಖ್ಯ: ಗಾಡಿ ಕೊಂಡವನಿಗೆ ರಿಪೇರಿ ಎಲ್ಲಿ ಮಾಡಿಸಬೇಕೆಂಬ ಆಯ್ಕೆ ಇರಬೇಕು.

2023ರ ಜನವರಿಯಿಂದ 50 ಎಚ್‌ಪಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರುಗಳಿಗೂ ಟ್ರೆಮ್-4 ಹೊಗೆ ನಿಯಮ ಬಂದು, ಕಾಮನ್ ರೈಲ್ ಇಂಜೆಕ್ಷನ್ನೂ ಇಸಿಯುವೂ ಹೊಲಕ್ಕಿಳಿದಿವೆ. ಉಳುಮೆಯ ಹೊತ್ತಿನಲ್ಲಿ ಟ್ರ್ಯಾಕ್ಟರ್ ನಿಂತರೆ ಶಿವಮೊಗ್ಗದಿಂದ ಕಂಪನಿಯವರು ಬರಲೆಂದು ಮಳೆ ಕಾಯುವುದಿಲ್ಲ. ಸರ್ಕ್ಯೂಟಿನ ಆ ನಕ್ಷೆ ಸೊರಬದ ಗ್ಯಾರೇಜಿಗೂ ಸಿಗಬೇಕು.