ತಟ್ಟಿ ನೋಡಿದವರು

ಕಪ್ಪುಕುಳಿಯ ಚರಿತ್ರೆಯನ್ನು ಎಲ್ಲರೂ ಐನ್‌ಸ್ಟೈನರಿಂದ ಶುರು ಮಾಡುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದಷ್ಟು ಕಾಲವೂ ನಾನು ಶುರು ಮಾಡಿದ್ದು ಇಂಗ್ಲೆಂಡಿನ ಥಾರ್ನ್‌ಹಿಲ್ ಎಂಬ ಊರಿನ ಪಾದ್ರಿ ಜಾನ್ ಮಿಚೆಲ್‌ನಿಂದ. ಆತನ ಲೆಕ್ಕಕ್ಕೆ ಹತ್ತನೇ ತರಗತಿಯ ಗಣಿತ ಸಾಕು, ಅರ್ಧ ಬೋರ್ಡು ಸಾಕು. ಭೂಮಿಯಿಂದ ಎಸೆದ ಕಲ್ಲು ಮತ್ತೆ ಬೀಳದಂತೆ ಹಾರಿಹೋಗಬೇಕಾದರೆ ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಸೂರ್ಯನಿಂದಾದರೆ ಸುಮಾರು 618. ಸಾಂದ್ರತೆ ಸೂರ್ಯನದೇ ಇದ್ದು ಗಾತ್ರ ಮಾತ್ರ ಹಿಗ್ಗುತ್ತ ಹೋದರೆ, ಅಡ್ಡಳತೆ ಎಷ್ಟು ಪಟ್ಟೋ ಈ ವೇಗವೂ ಅಷ್ಟೇ ಪಟ್ಟು ಏರುತ್ತದೆ. 500 ಪಟ್ಟಾದರೆ? ಹುಡುಗರು ಗುಣಿಸಿ 3,09,000 ಅನ್ನುತ್ತಿದ್ದರು. ಬೆಳಕಿನ ವೇಗ ಸುಮಾರು 3,00,000. ಹಿಂದಿನ ಬೆಂಚಿನಿಂದ ಯಾರಾದರೂ ‘ಹಂಗಾದ್ರೆ ಬೆಳಕೇ ವಾಪಸ್ ಬೀಳುತ್ತಾ ಸಾರ್?’ ಎಂದರೆ ಆ ದಿನದ ಪಾಠ ಮುಗಿದಂತೆ. 1783ರಲ್ಲಿ ಮಿಚೆಲ್, ಹೆನ್ರಿ ಕ್ಯಾವೆಂಡಿಷ್‌ಗೆ ಬರೆದ ಪತ್ರದಲ್ಲಿ ಹೇಳಿದ್ದೂ ಅದನ್ನೇ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದನ್ನು ಓದಿದರು.

ಪಾದ್ರಿ ಅಷ್ಟಕ್ಕೇ ಬಿಡಲಿಲ್ಲ. ಕಾಣದ ನಕ್ಷತ್ರವನ್ನು ಪತ್ತೆ ಮಾಡುವ ಉಪಾಯವನ್ನೂ ಬರೆದ: ಅದರ ಜೊತೆಗೆ ಕಾಣುವ ನಕ್ಷತ್ರವೊಂದು ಸುತ್ತುತ್ತಿದ್ದರೆ, ಆ ಜೊತೆಗಾರನ ಓಡಾಟವೇ ಗುಟ್ಟು ಬಿಟ್ಟುಕೊಡುತ್ತದೆ. 1971ರಲ್ಲಿ ಸಿಗ್ನಸ್ ಎಕ್ಸ್-1 ಕಪ್ಪುಕುಳಿಯೆಂದು ಖಗೋಳಜ್ಞರಿಗೆ ಗುಮಾನಿ ಬಂದದ್ದು ಹೀಗೆಯೇ. 5.6 ದಿನಕ್ಕೊಂದು ಸುತ್ತು ಹಾಕುವ ದೈತ್ಯ ನೀಲಿ ನಕ್ಷತ್ರದ ಪಕ್ಕದಲ್ಲಿ ಏನೂ ಕಾಣದಿದ್ದರೂ ಏನೋ ಭಾರವಾದದ್ದಿತ್ತು. ಮಿಚೆಲ್‌ನ ಉಪಾಯ 188 ವರ್ಷ ಕಾದು ಕೆಲಸಕ್ಕೆ ಬಂತು.

ನಡುವಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದನೇ ಮಹಾಯುದ್ಧದಲ್ಲಿ ರಷ್ಯಾದ ಗಡಿಯಲ್ಲಿ ಜರ್ಮನ್ ಸೇನೆಯಲ್ಲಿದ್ದ ಕಾರ್ಲ್ ಶ್ವಾರ್ಜ್‌ಶೀಲ್ಡ್, ಐನ್‌ಸ್ಟೈನರ ಸಮೀಕರಣಗಳಿಗೆ ಮೊದಲ ನಿಖರ ಉತ್ತರ ಕಂಡುಹಿಡಿದು 1915ರ ಡಿಸೆಂಬರಿನಲ್ಲಿ ಅವರಿಗೇ ಕಳಿಸಿದರು. ಮುಂದಿನ ಮೇ ತಿಂಗಳಲ್ಲಿ ಚರ್ಮದ ಕಾಯಿಲೆಯಿಂದ ತೀರಿಕೊಂಡರು. ಅವರ ಲೆಕ್ಕದಂತೆ, ಸೂರ್ಯನನ್ನು 3 ಕಿಲೋಮೀಟರ್ ತ್ರಿಜ್ಯದೊಳಕ್ಕೆ, ಭೂಮಿಯನ್ನು 9 ಮಿಲಿಮೀಟರಿನೊಳಕ್ಕೆ ಅಮುಕಿದರೆ ಅಲ್ಲಿಂದ ಬೆಳಕೂ ಹೊರಬರದು. ಆ ಎಲ್ಲೆಗೆ ಘಟನಾ ದಿಗಂತ ಎನ್ನುತ್ತಾರೆ. ಕಪ್ಪುಕುಳಿ ಕಂಡಕಂಡದ್ದನ್ನೆಲ್ಲ ಹೀರುತ್ತದೆಂಬುದು ಟಿ.ವಿ.ಯವರು ಹಬ್ಬಿಸಿದ ಮಾತು. ನಾಳೆ ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿಯನ್ನಿಟ್ಟರೂ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತದೆ. ನಾವು ಚಳಿಗೆ ಸಾಯುತ್ತೇವೆ, ಆ ಮಾತು ಬೇರೆ. 1930ರಲ್ಲಿ 19ರ ಹುಡುಗ ಚಂದ್ರಶೇಖರ್ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಸಾಯುವ ನಕ್ಷತ್ರದ ತೂಕದ ಮಿತಿಯ ಬಗ್ಗೆ ಹಾಕಿದ ಲೆಕ್ಕ, ಅದನ್ನು ಖಗೋಳಜ್ಞ ಎಡಿಂಗ್ಟನ್ ಹೀಯಾಳಿಸಿದ್ದು ಎಲ್ಲರಿಗೂ ಗೊತ್ತು. 1939ರ ಸೆಪ್ಟೆಂಬರ್ 1ರಂದು, ಹಿಟ್ಲರ್ ಪೋಲೆಂಡಿಗೆ ನುಗ್ಗಿದ ದಿನವೇ, ಓಪನ್‌ಹೈಮರ್ ಮತ್ತು ಸ್ನೈಡರ್ ಅವರ ಲೇಖನ ಅಚ್ಚಾಯಿತು. ದೊಡ್ಡ ನಕ್ಷತ್ರ ತನ್ನೊಳಕ್ಕೇ ಕುಸಿಯುತ್ತ ಹೋದೀತು ಎಂದು ಅವರು ತೋರಿಸಿದ್ದರು. ಅಂದು ಅದನ್ನು ಓದುವ ವ್ಯವಧಾನ ಯಾರಿಗಿತ್ತು?

ನನ್ನ ಮಟ್ಟಿಗೆ ಕಪ್ಪುಕುಳಿಯ ನಿಜವಾದ ಚರಿತ್ರೆ ಇದಾದ ಮೇಲೆ ಬಂದ ಒಂದು ಸಪ್ಪೆ ಪ್ರಶ್ನೆಯಲ್ಲಿದೆ. ಇಂಥದ್ದೊಂದು ಉಂಟಾಯಿತು ಅಂತಲೇ ಇಟ್ಟುಕೊಳ್ಳೋಣ; ಅದು ನಿಂತೀತೆ? ಕಾಗದದ ಮೇಲೆ ಸರಿಬಂದದ್ದೆಲ್ಲ ಲೋಕದಲ್ಲಿ ಬಾಳುವುದಿಲ್ಲ. ಎಲ್ಲಿಂದಲೋ ಒಂದು ಚೂರು ಬಿದ್ದು ಅಲುಗಿಸಿದರೆ, ಆ ಅಲುಗಾಟ ಬೆಳೆಯುತ್ತ ಹೋಗಿ ಇಡೀ ಆಕಾರವೇ ಕೆಟ್ಟರೆ, ಅಂಥ ವಸ್ತುವನ್ನು ಆಕಾಶದಲ್ಲಿ ಹುಡುಕುವುದೇ ವ್ಯರ್ಥ. 1957ರಲ್ಲಿ ಟುಲಿಯೋ ರೆಜ್ಜೆ ಮತ್ತು ಜಾನ್ ವ್ಹೀಲರ್ ಈ ಪ್ರಶ್ನೆಗೆ ಕೈ ಹಾಕಿ ಅರ್ಧ ದಾರಿ ಸವೆಸಿದ್ದರು. ಉಳಿದರ್ಧ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರ ಪಾಲಿಗೆ ಬಂತು. ಅವರಲ್ಲೊಬ್ಬರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ.

1938ರಲ್ಲಿ ಹುಟ್ಟಿದವರು, ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದವರು. ಮೊದಲು ಸಹಪಾಠಿ ಲೆಸ್ಟರ್ ಎಡೆಲ್‌ಸ್ಟೈನ್ ಜೊತೆ ಕೂತು ಹಳೆಯ ಸಮೀಕರಣಗಳನ್ನು ಒಂದೊಂದಾಗಿ ಮತ್ತೆ ಕಟ್ಟಿದರು, ಅಲ್ಲಿದ್ದ ತಪ್ಪುಗಳನ್ನು ತಿದ್ದಿದರು. ಹೆಸರು ತರದ ಕೂಲಿ ಕೆಲಸ ಅದು. ಆಮೇಲೆ ದಿಗಂತದ ಬಳಿ ಏನಾಗುತ್ತದೆಂದು ಸರಿಯಾಗಿ ತೋರಿಸಬಲ್ಲ, ಆಗಷ್ಟೇ ಬಳಕೆಗೆ ಬಂದಿದ್ದ ಕ್ರುಸ್ಕಲ್ ನಿರ್ದೇಶಾಂಕಗಳನ್ನು ಹಿಡಿದು ನೋಡಿದರು. ಬೆಳೆದು ಬೆಳೆದು ಆಕಾರ ಕೆಡಿಸುವಂಥ ಅಲುಗಾಟ ದಿಗಂತದಲ್ಲಿ ಮೊದಲ ಕ್ಷಣದಲ್ಲೇ ಅನಂತವಾಗಿರಬೇಕಾಗುತ್ತದೆ. ಅಂಥದ್ದು ಇರಲಾರದು. ಎಂದರೆ ಕಪ್ಪುಕುಳಿ ನಿಲ್ಲುತ್ತದೆ.

ನಿಲ್ಲುವುದೇನೋ ಸರಿ, ಗುರುತಿಸುವುದು ಹೇಗೆ? ಮಿಚೆಲ್‌ನ ಉಪಾಯಕ್ಕೆ ಪಕ್ಕದಲ್ಲಿ ಜೊತೆಗಾರ ಬೇಕು. ಒಂಟಿ ಕಪ್ಪುಕುಳಿಗೆ ಅದಿಲ್ಲ. ಇಲ್ಲಿ ವಿಶ್ವೇಶ್ವರ ಮಾಡಿದ್ದು, ನಮ್ಮ ಕಡೆ ಸಂತೆಯಲ್ಲಿ ಹೆಂಗಸರು ಮಡಕೆ ಕೊಳ್ಳುವಾಗ ಮಾಡುವ ಕೆಲಸ. ಎತ್ತಿ ಹಿಡಿದು ಬೆರಳಗಂಟಿನಿಂದ ತಟ್ಟುತ್ತಾರೆ; ಠಣ್ ಎಂದರೆ ಗಟ್ಟಿ, ಬದ್ದ ಎಂದರೆ ಬಿರುಕು. ವಿಶ್ವೇಶ್ವರ ಲೆಕ್ಕದಲ್ಲೇ ಕಪ್ಪುಕುಳಿಯ ಮೇಲೆ ಗುರುತ್ವದ ಅಲೆಯ ತುಣುಕೊಂದನ್ನು ಬಿಟ್ಟು ಚದುರಿ ಬಂದದ್ದನ್ನು ನೋಡಿದರು. ತುಣುಕು ಅಗಲವಾಗಿದ್ದಾಗ ವಿಶೇಷವೇನೂ ಕಾಣಲಿಲ್ಲ. ಕಿರಿದು ಮಾಡುತ್ತ ಕಪ್ಪುಕುಳಿಯ ಗಾತ್ರಕ್ಕೆ ತಂದಾಗ, ಹೊರಬಂದ ಅಲೆ ಒಂದೇ ಶ್ರುತಿಯಲ್ಲಿ ನಾಲ್ಕಾರು ಸಲ ಕಂಪಿಸಿ ಇಂಗಿಹೋಯಿತು. ತಟ್ಟಿದ್ದು ಯಾವ ಬಗೆಯ ಅಲೆಯೆಂಬುದು ಆ ಶ್ರುತಿಗೆ ಲೆಕ್ಕಕ್ಕಿಲ್ಲ. ಅದನ್ನು ನಿರ್ಧರಿಸುವುದು ಕಪ್ಪುಕುಳಿಯ ತೂಕ, ಗಿರಕಿ ಹೊಡೆಯುತ್ತಿದ್ದರೆ ಆ ಗಿರಕಿಯ ವೇಗ. ಗಿರಕಿಯಿಲ್ಲದ 10 ಸೂರ್ಯರ ತೂಕದ್ದಾದರೆ ಸೆಕೆಂಡಿಗೆ ಸುಮಾರು 1,200 ಕಂಪನ. ತೂಕ ಹೆಚ್ಚಿದಂತೆ ದನಿ ದಪ್ಪವಾಗುತ್ತದೆ. ಇದು 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಗುರುತ್ವದ ಅಲೆಯನ್ನು ಹಿಡಿದು ತೋರಿಸಿದವರು ಆಗಿನ್ನೂ ಯಾರೂ ಇರಲಿಲ್ಲ. ಸಿಗ್ನಸ್‌ನ ಗುಮಾನಿಯೂ ಹುಟ್ಟಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಅವರು ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. ನಮ್ಮಂಥ ಹಳ್ಳಿ ಮೇಷ್ಟ್ರುಗಳಿಗೆ ಅವರ ಪರಿಚಯವಾದದ್ದು ಬೇರೆ ದಾರಿಯಲ್ಲಿ. 1989ರಲ್ಲಿ ಚೌಡಯ್ಯ ರಸ್ತೆಯಲ್ಲಿ ಜವಾಹರಲಾಲ್ ನೆಹರೂ ತಾರಾಲಯ ಶುರುವಾದಾಗ ಅದರ ಸ್ಥಾಪಕ ನಿರ್ದೇಶಕರು ಅವರೇ. ಶಾಲಾ ಪ್ರವಾಸವೆಂದರೆ ವಿಧಾನಸೌಧ, ಲಾಲ್‌ಬಾಗು, ತಾರಾಲಯ. ಬಸ್ಸಿನಲ್ಲಿ ಚಿತ್ರಾನ್ನದ ಡಬ್ಬಿ. ಗುಮ್ಮಟದೊಳಗೆ ದೀಪ ಆರಿದ ಕೂಡಲೇ ಗದ್ದಲವೆಲ್ಲ ಅಡಗಿ, ಕನ್ನಡದಲ್ಲೇ ವಿವರಣೆ ಶುರುವಾಗುತ್ತಿತ್ತು. ಇದನ್ನು ಕಟ್ಟಿದವರು ಕಪ್ಪುಕುಳಿಯ ದನಿಯನ್ನು ಮೊದಲು ಲೆಕ್ಕದಲ್ಲಿ ಕೇಳಿಸಿಕೊಂಡವರೆಂದು ನಾನು ಬಸ್ಸಿನಲ್ಲೇ ಹೇಳಿರುತ್ತಿದ್ದೆ. ಹುಡುಗರಿಗೆ ಅದಕ್ಕಿಂತ ಐಸ್‌ಕ್ರೀಮಿನ ಚಿಂತೆ. ಇರಲಿ. ಸಂಶೋಧನೆ ಬಿಟ್ಟು ಮಕ್ಕಳಿಗೆ ಆಕಾಶ ತೋರಿಸಲು ನಿಂತರಲ್ಲ ಎಂದು ಪೇಚಾಡುವವರಿದ್ದಾರೆ. ನನಗೆ ಆ ಪೇಚಾಟ ಅರ್ಥವಾಗುವುದಿಲ್ಲ.

2015ರ ಸೆಪ್ಟೆಂಬರ್ 14, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ಅಮೆರಿಕದ ಹ್ಯಾನ್‌ಫೋರ್ಡ್ ಮತ್ತು ಲಿವಿಂಗ್‌ಸ್ಟನ್‌ನಲ್ಲಿರುವ, ಗುರುತ್ವದ ಅಲೆ ಹಿಡಿಯುವ ಲೈಗೋ ಉಪಕರಣಗಳ 4 ಕಿಲೋಮೀಟರ್ ಉದ್ದದ ಕೊಳವೆಗಳು ಪ್ರೋಟಾನಿನ ಅಡ್ಡಳತೆಯ ನೂರಾರು ಪಾಲಿನಲ್ಲೊಂದು ಪಾಲಿನಷ್ಟು ಹಿಗ್ಗಿ ಕುಗ್ಗಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ 36 ಮತ್ತು 29 ಸೂರ್ಯರ ತೂಕದ ಎರಡು ಕಪ್ಪುಕುಳಿಗಳು ಕೂಡಿ 62ರದ್ದೊಂದು ಉಳಿದಿತ್ತು. ಬಾಕಿ 3 ಸೂರ್ಯರಷ್ಟು ತೂಕ ಅಲೆಯಾಗಿ ಹೋಯಿತು. ಎರಡೂ ಒಂದನ್ನೊಂದು ಸುತ್ತುತ್ತ ಹತ್ತಿರವಾಗುವ ಹಂತದ ಅಲೆ ಹೇಗಿರುತ್ತದೆಂಬ ಲೆಕ್ಕದಲ್ಲಿ ರಾಮನ್ ಸಂಸ್ಥೆಯಲ್ಲಿದ್ದ ಬಾಲಾ ಅಯ್ಯರ್ ಅವರ ದುಡಿಮೆ ದೊಡ್ಡದು. ಕೂಡಿದ ಮೇಲಿನದು ವಿಶ್ವೇಶ್ವರರ ಭಾಗ: ಸೆಕೆಂಡಿಗೆ ಸುಮಾರು 250 ಕಂಪನದ ಶ್ರುತಿ, ನಾಲ್ಕೈದು ಮಿಲಿಸೆಕೆಂಡಿನಲ್ಲಿ ಇಂಗಿಹೋದದ್ದು. 2016ರ ಫೆಬ್ರವರಿಯಲ್ಲಿ ಬಂದ ಲೈಗೋ ಪ್ರಬಂಧ ಈ ವಿಚಾರಕ್ಕೆ ಬಂದಾಗ ಮೊದಲು ಹೆಸರಿಸಿದ್ದು 1970ರ ಆ ಲೇಖನವನ್ನೇ. ವಿಶ್ವೇಶ್ವರ ಅದನ್ನು ಕಣ್ಣಾರೆ ಕಂಡರು. 2017ರ ಜನವರಿಯಲ್ಲಿ ತೀರಿಕೊಂಡರು.

ಆದರೆ 2015ರ ಆ ಕೊನೆಯ ದನಿ ತೀರ ಕ್ಷೀಣ. ಅದರಲ್ಲಿ ಒಂದಕ್ಕಿಂತ ಹೆಚ್ಚು ಸ್ವರ ಇದೆಯೋ ಇಲ್ಲವೋ ಎಂದು ಪಂಡಿತರು ವರ್ಷಗಟ್ಟಲೆ ಜಗಳವಾಡಿದರು. ಜಗಳ ಸಣ್ಣದಲ್ಲ. ಒಂದೇ ಸ್ವರ ಸಿಕ್ಕರೆ ಅದರಿಂದ ತೂಕ, ಗಿರಕಿ ಲೆಕ್ಕ ಹಾಕಬಹುದು, ತಾಳೆ ನೋಡಲಾಗದು. ಎರಡನೆಯದೂ ಸಿಕ್ಕರೆ ಎರಡೂ ಒಂದೇ ಉತ್ತರ ಹೇಳಬೇಕು, ಇಲ್ಲವೇ ಐನ್‌ಸ್ಟೈನರ ಸಿದ್ಧಾಂತದಲ್ಲೇ ಬಿರುಕಿದೆ. 2025ರ ಜನವರಿ 14ರಂದು, ಮೊದಲನೆಯದಕ್ಕಿಂತ ಸುಮಾರು ಮೂರು ಪಟ್ಟು ಸ್ಪಷ್ಟವಾದ ಅಲೆಯೊಂದು ಬಂತು. ಅದರಲ್ಲಿ ಎರಡು ಸ್ವರಗಳನ್ನು ಬೇರ್ಪಡಿಸಲು ಸಾಧ್ಯವಾಯಿತು. ಎರಡೂ ಒಂದೇ ತೂಕ, ಒಂದೇ ಗಿರಕಿ ಹೇಳಿದವು.